ಬಟ್ಟಲು ಒಂದು ಸಲ ಮಗುಚಿದರೆ ಒಂದು ಸೆಂಟ್: ಮನೆಯಲ್ಲೇ ಮಾಡಿದ ಮಳೆ ಗೇಜ್, ಮತ್ತು ಬಾರದ ಮಳೆಯ ಕಾಟ

ಕಾಫಿಕಣ | ಸೆಪ್ಟೆಂಬರ್ 19, ರಾತ್ರಿ 9:40

ನಮಸ್ಕಾರ. ಪೋಸ್ಟ್ ಉದ್ದ ಇದೆ, ಪ್ರಶ್ನೆ ಕೊನೆಯಲ್ಲಿದೆ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಅದೂ ಇಂಚು-ಸೆಂಟ್ ಲೆಕ್ಕದಲ್ಲಿ. ಬಯಲುಸೀಮೆಯವರಿಗೆ ಒಂದು ಮಾತು: ಇದು ಜಾಗದ ಸೆಂಟ್ ಅಲ್ಲ, ಇಂಚಿನ ನೂರನೇ ಒಂದು ಪಾಲು. ನಮ್ಮ ಕಡೆ ಇಬ್ಬರು ಪ್ಲಾಂಟರ್‌ಗಳು ಎದುರಾದರೆ ಊಟ ಆಯ್ತಾ ಅಂತ ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತ ಕೇಳುತ್ತಾರೆ.

ಗೇಜ್ ಇರುವುದು ಮನೆಯಿಂದ ಆರುನೂರು ಮೀಟರ್ ದೂರ, ದಿಣ್ಣೆಯ ಮೇಲಿನ ಬಯಲಲ್ಲಿ. ಮನೆ ಸುತ್ತ ಸಿಲ್ವರ್ ಓಕ್ ಮರಗಳು, ಇಲ್ಲಿಟ್ಟರೆ ಮರದ ಹನಿಯೂ ಲೆಕ್ಕಕ್ಕೆ ಸೇರುತ್ತದೆ. ಈ ವರ್ಷ ಅಪ್ಪನಿಗೆ ಮಂಡಿ ನೋವು. ಜಿಗಣೆ ಬೇರೆ. ಹಾಗಾಗಿ ಮನೆಯಲ್ಲೇ ಕೂತು ನೋಡುವ ಹಾಗೆ ಒಂದು ಗೇಜ್ ಮಾಡೋಣ ಅಂತ ಹೊರಟೆ.

ಕೊಳವೆಗೆ 160 ಮಿ.ಮೀ. ಪಿವಿಸಿ ಪೈಪ್ ತುಂಡು, ಅಂಗಡಿಯಲ್ಲಿ ಆರಿಂಚು ಅನ್ನುತ್ತಾರಲ್ಲ, ಅದು. ಒಳ ಅಗಲ ಅಳೆದರೆ 15.2 ಸೆಂ.ಮೀ. ಬಂತು. ಅಂದರೆ ಒಂದು ಇಂಚು ಮಳೆಗೆ ಅದರೊಳಗೆ ಸುಮಾರು 461 ಮಿ.ಲೀ. ನೀರು ಬೀಳಬೇಕು. ನೂರರಿಂದ ಭಾಗಿಸಿ: 4.61 ಮಿ.ಲೀ. ಒಂದು ಬಟ್ಟಲು ಇಷ್ಟು ತುಂಬಿದಾಗ ಮಗುಚುವ ಹಾಗೆ ಮಾಡಿದರೆ ಒಂದು ಮಗುಚು ಒಂದು ಸೆಂಟ್. ಅಪ್ಪನಿಗೆ ಮಿ.ಮೀ. ಪಾಠ ಹೇಳುವ ತಾಪತ್ರಯವೇ ಇಲ್ಲ. ಈ ಲೆಕ್ಕ ಕೂಡಿ ಬಂದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ!

ಬಟ್ಟಲು ಮಾಡಿದ್ದು ಇನ್ನೊಂದು ಪೈಪ್ ತುಂಡಿನಿಂದ. ಗ್ಯಾಸ್ ಒಲೆಯ ಮೇಲೆ ದೂರದಿಂದ ಬಿಸಿ ಮಾಡಿ, ಎರಡು ಮಣೆ ನಡುವೆ ಒತ್ತಿ ಚಪ್ಪಟೆ ಹಾಳೆ ಮಾಡಿ, ಕತ್ತರಿಸಿ ಅಂಟಿಸಿದೆ. ಅಮ್ಮ ಇನ್ನೂ ಆ ವಾಸನೆ ಬಗ್ಗೆ ಹೇಳುತ್ತಾರೆ. ತಕ್ಕಡಿ ಹಾಗೆ ಎರಡು ಬದಿಗೆ ಎರಡು ಬಟ್ಟಲು, ಒಂದು ತುಂಬಿ ಮಗುಚಿದರೆ ಇನ್ನೊಂದು ಕೊಳವೆಯ ಕೆಳಗೆ ಬರುತ್ತದೆ. ನಡುವೆ ತೂಗುವ ಅಚ್ಚು ಸೈಕಲ್ ಚಕ್ರದ ಕಡ್ಡಿ. ಬಟ್ಟಲಿಗೆ ಹಳೆಯ ಮೊಬೈಲ್ ಕವರ್‌ನಿಂದ ಕಿತ್ತ ಮ್ಯಾಗ್ನೆಟ್. ಅದು ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುವ ಸ್ವಿಚ್) ಮುಂದೆ ಹಾದುಹೋದಾಗ ಒಂದು ಎಣಿಕೆ.

ಎಣಿಸಲು ಮೊದಲು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಹಾಕಿದ್ದೆ. ಡೀಪ್ ಸ್ಲೀಪ್ (ಕೆಲಸವಿಲ್ಲದಾಗ ಚಿಪ್ ಮಲಗಿ ಕರೆಂಟ್ ಉಳಿಸುವುದು) ಅಂತ ನಂಬಿದೆ. 18650 ಲಿಥಿಯಂ ಸೆಲ್ ಹತ್ತೇ ದಿನಕ್ಕೆ ಸತ್ತಿತು. ಚಿಪ್ ಮಲಗುತ್ತೆ, ಆದರೆ ಬೋರ್ಡ್ ಮೇಲಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಕೆಂಪು ದೀಪ ಎಲ್ಲ ಎಚ್ಚರವಾಗೇ ಇರುತ್ತವೆ. ಈಗ 3.3 ವೋಲ್ಟ್ ಆರ್ಡುಯಿನೋ ಪ್ರೊ ಮಿನಿ ಇದೆ. ದೀಪ ಮತ್ತು ರೆಗ್ಯುಲೇಟರ್ ಕಿತ್ತು, ಕಡಿಮೆ ಕರೆಂಟ್ ತಿನ್ನುವ ಎಂಸಿಪಿ1700 ರೆಗ್ಯುಲೇಟರ್ ಹಾಕಿದ್ದೇನೆ. ಮಲಗಿದಾಗ ಹತ್ತು ಮೈಕ್ರೋಆಂಪ್‌ಗಿಂತ ಕಡಿಮೆ. ರೀಡ್ ಸ್ವಿಚ್‌ಗೆ 1 ಮೆಗಾಓಮ್ ಪುಲ್-ಅಪ್, ಅಂದರೆ ಸ್ವಿಚ್ ಕೂಡದಿರುವಾಗ ಚಿಪ್‌ನ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್. ಹದಿನೈದು ನಿಮಿಷಕ್ಕೊಮ್ಮೆ ಲೋರಾ ರೇಡಿಯೋದಲ್ಲಿ (ಕಡಿಮೆ ಕರೆಂಟ್‌ನಲ್ಲಿ ದೂರ ತಲುಪುವಂಥದ್ದು) ಮನೆಗೆ ಲೆಕ್ಕ ಕಳಿಸುತ್ತದೆ. ಅಡುಗೆಮನೆ ಬಾಗಿಲ ಪಕ್ಕ ಸಣ್ಣ ಪರದೆ, ಅದರಲ್ಲಿ ಇಂಚು ಮತ್ತು ಸೆಂಟ್.

ಈಗ ಪ್ರಶ್ನೆ. ನಾಲ್ಕು ದಿನದಿಂದ ಒಂದು ಹನಿ ಮಳೆ ಇಲ್ಲ. ಆದರೂ ದಿನಾ ಬೆಳಿಗ್ಗೆ ಪರದೆ 9, 14, 11 ಸೆಂಟ್ ಅಂತ ತೋರಿಸುತ್ತಿದೆ. ಎಲ್ಲ ಎಣಿಕೆಯೂ ಬೆಳಗಿನ ಜಾವ ನಾಲ್ಕರಿಂದ ಏಳರ ಒಳಗೆ. ಅಪ್ಪನ ಗಾಜಿನ ಜಾಡಿಯಲ್ಲಿ ಸೊನ್ನೆ. "ನಿನ್ನ ಮಿಷನ್ ಕನಸಲ್ಲಿ ಮಳೆ ನೋಡ್ತಿದೆ" ಅಂದರು. ಏನಿರಬಹುದು?

ಸೋಲ್ಡರ್_ಹೊಗೆ | ಸೆಪ್ಟೆಂಬರ್ 19, ರಾತ್ರಿ 10:15

ಗುರು, ಡಿಬೌನ್ಸ್ (ಒಂದು ಎಣಿಕೆ ಆದಮೇಲೆ ಸ್ವಲ್ಪ ಹೊತ್ತು ಮತ್ತೆ ಎಣಿಸದಿರುವುದು) ಹಾಕಿದ್ದೀರಾ? ರೀಡ್ ಸ್ವಿಚ್ ಕೂಡುವಾಗ ಕೆಲವು ಮಿಲಿಸೆಕೆಂಡ್ ಪಟಪಟ ಅನ್ನುತ್ತೆ. ಒಂದು ಮಗುಚಿಗೆ ಮೂರು ಎಣಿಕೆ ಬರಬಹುದು.

ಕಾಫಿಕಣ | ಸೆಪ್ಟೆಂಬರ್ 19, ರಾತ್ರಿ 10:22

ಹಾಕಿದ್ದೇನೆ, 300 ಮಿಲಿಸೆಕೆಂಡ್. ಗಂಟೆಗೆ ನಾಲ್ಕು ಇಂಚು ಸುರಿದರೂ ಒಂಬತ್ತು ಸೆಕೆಂಡಿಗೆ ಒಂದು ಮಗುಚು, ಅಷ್ಟೇ. ಹಾಗಾಗಿ ನಿಜವಾದದ್ದು ಯಾವುದೂ ತಪ್ಪಿಹೋಗಲ್ಲ. ಆದರೆ ಮಳೆಯೇ ಇಲ್ಲದಾಗ ಮಗುಚುವುದಾದರೂ ಹೇಗೆ?

ಅಡಿಕೆ_ಅಂಗಳ | ಸೆಪ್ಟೆಂಬರ್ 20, ಬೆಳಿಗ್ಗೆ 6:50

ಮಂಗ ಮಾರಾಯ್ರೆ, ಮಂಗ. ನಮ್ಮಲ್ಲಿ ಬೆಳಗ್ಗೆ ಬೆಳಗ್ಗೆ ಬಂದು ಟಿವಿ ಡಿಶ್ಶನ್ನೇ ತಿರುಗಿಸಿಟ್ಟು ಹೋಗುತ್ತವೆ. ನಿಮ್ಮ ಗೇಜಿನ ಕಂಬ ಅಲ್ಲಾಡಿಸಿದರೆ ಬಟ್ಟಲು ಮಗುಚುವುದಿಲ್ಲವಾ?

ಎಲೆಕ್ಕೆ_ಬಣ್ಣ | ಸೆಪ್ಟೆಂಬರ್ 20, ಬೆಳಿಗ್ಗೆ 8:05

ಇಬ್ಬನಿ ಇರಬಹುದು. ಕೊಳವೆಯ ಒಳಗೋಡೆಯಲ್ಲಿ ಹನಿ ಕಟ್ಟಿ ಇಳಿಯುತ್ತದೆ. ಆದರೆ 14 ಸೆಂಟ್ ಅಂದರೆ 65 ಮಿ.ಲೀ. ಅಷ್ಟೊಂದು ಇಬ್ಬನಿ ಆರಿಂಚು ಕೊಳವೆಗೆ? ನಂಬೋದು ಕಷ್ಟ.

ಅಂದಹಾಗೆ ಒಂದು ಸಂಶಯ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ. ಆ ಲೆಕ್ಕ ಸಾಲದಾ? ಸುಮ್ನೆ ಯಾಕೆ ಇಷ್ಟು ಕಷ್ಟ?

ಕಾಫಿಕಣ | ಸೆಪ್ಟೆಂಬರ್ 20, ಬೆಳಿಗ್ಗೆ 9:10

ಅದನ್ನೂ ನೋಡುತ್ತೇವೆ. ಆದರೆ ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ. ದಿಣ್ಣೆಯ ಆಚೆ ಬದಿ ಒಂದು ಇಂಚು, ಈಚೆ ಬದಿ ಮೂವತ್ತು ಸೆಂಟ್. ಮಳೆಗಾಲದಲ್ಲಿ ಇದರಿಂದ ಏನೂ ಆಗಲ್ಲ. ಮಾರ್ಚ್‌ನಲ್ಲಿ ಆಗುತ್ತೆ. ರೊಬಸ್ಟಾ ಕಾಫಿಯ ಮೊಗ್ಗು ಅರಳಲು ಹೂಮಳೆ ಒಂದು ಇಂಚಾದರೂ ಬೇಕು ಅಂತ ನಮ್ಮ ಲೆಕ್ಕ. ಅರ್ಧಂಬರ್ಧ ಬಿದ್ದರೆ ತಕ್ಷಣ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಿಸಬೇಕು. ಡೀಸೆಲ್, ಕೆರೆ ನೀರು, ಆಳು, ಎಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ. ಪಕ್ಕದ ಊರಿನ ಮಳೆ ತಗೊಂಡು ಏನು ಮಾಡಲಿ?

ನಿವೃತ್ತ_ಮೇಷ್ಟ್ರು | ಸೆಪ್ಟೆಂಬರ್ 20, ಮಧ್ಯಾಹ್ನ 12:30

ಊಹೆ ಸಾಕು, ಪರೀಕ್ಷೆ ಮಾಡೋಣ. ಎರಡು ರಾತ್ರಿ ಬೇಕು.

ಮೊದಲ ರಾತ್ರಿ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿ. ಎಣಿಕೆ ನಿಂತರೆ ನೀರಿನದೇ ಕೆಲಸ. ನಿಲ್ಲದಿದ್ದರೆ ಎರಡನೇ ರಾತ್ರಿ ಬಟ್ಟಲನ್ನೇ ಹೊರಗೆ ತೆಗೆದಿಡಿ, ಮ್ಯಾಗ್ನೆಟ್ ಸಮೇತ. ಆಗಲೂ ಎಣಿಸಿದರೆ ಮಂಗನೂ ಅಲ್ಲ, ಇಬ್ಬನಿಯೂ ಅಲ್ಲ, ನಿಮ್ಮ ಸರ್ಕ್ಯೂಟ್.

ಸುಮ್ಮನೆ ಒಂದು ಮಾತು. ಈ ಮಗುಚುವ ಬಟ್ಟಲಿನ ಉಪಾಯ ಇವತ್ತಿನದಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿಸಿದ ಕ್ರಿಸ್ಟೋಫರ್ ರೆನ್ 1662ರ ಸುಮಾರಿಗೆ ಇಂಥದ್ದೊಂದನ್ನು ಯೋಚಿಸಿದ್ದ. ಅವನಿಗೂ ಜಿಗಣೆ ಕಚ್ಚಿತ್ತೋ ಏನೋ.

ಎಸ್‌ಪಿ_ರೋಡ್_ಸುತ್ತಾಟ | ಸೆಪ್ಟೆಂಬರ್ 20, ಸಂಜೆ 7:45

ವೆದರ್ ಸ್ಟೇಷನ್‌ಗೆ ಬಿಡಿಭಾಗವಾಗಿ ರೆಡಿಮೇಡ್ ಮಳೆ ಗೇಜ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಒಳಗೆ ಬಟ್ಟಲು, ರೀಡ್ ಸ್ವಿಚ್ ಎಲ್ಲ ಇರುತ್ತೆ. ಒಂದು ಮಗುಚಿಗೆ 0.2794 ಮಿ.ಮೀ. ಎರಡು ತಂತಿ ಜೋಡಿಸಿದರೆ ಆಯ್ತು. ಪೈಪ್ ಸುಟ್ಟು ಅಮ್ಮನ ಹತ್ತಿರ ಬೈಸಿಕೊಳ್ಳುವುದು ಯಾಕೆ?

ಕಾಫಿಕಣ | ಸೆಪ್ಟೆಂಬರ್ 20, ರಾತ್ರಿ 8:02

0.2794 ಅಂದರೆ 1.1 ಸೆಂಟ್. ಅಪ್ಪನಿಗೆ ಆ 0.1 ಹೇಗೆ ವಿವರಿಸಲಿ ಅಣ್ಣ? (ಸಾಫ್ಟ್‌ವೇರ್‌ನಲ್ಲಿ ಗುಣಿಸಬಹುದು, ಗೊತ್ತು. ಆದರೆ ಮಜಾ ಎಲ್ಲಿ?)

ಮೇಷ್ಟ್ರೇ, ಇವತ್ತು ಕವರ್ ಕಟ್ಟಿ ಬಂದೆ.

ಕೊಡಗಿನ_ಕರಿಮೆಣಸು | ಸೆಪ್ಟೆಂಬರ್ 21, ಬೆಳಿಗ್ಗೆ 7:20

ಫಲಿತಾಂಶಕ್ಕೆ ಕಾಯ್ತಾ ಇದ್ದೇನೆ. ಅಷ್ಟರಲ್ಲಿ ನನ್ನದೊಂದು.

ಕಣದಲ್ಲಿ ಕಾಫಿ ಒಣ ಹಾಕಿದಾಗ ಮಳೆ ಬಂದರೆ ಕೂಗುವ ಅಲಾರಂ ಮಾಡಿದ್ದೆ. ಬಾಚಣಿಗೆ ಹಲ್ಲಿನ ಹಾಗೆ ಎರಡು ತಾಮ್ರದ ಗೆರೆ ಇರುವ ಬೋರ್ಡ್, ಒಂದು ಬಿಸಿ547 ಟ್ರಾನ್ಸಿಸ್ಟರ್, ಒಂದು ಬಜರ್. ಶಾಲೆಯ ವಿಜ್ಞಾನ ಮೇಳದ್ದೇ. ಮೂರು ವಾರಕ್ಕೆ ಒಂದು ಬದಿಯ ತಾಮ್ರ ಹಸಿರಾಗಿ ತಿಂದುಹೋಯಿತು. ಯಾವಾಗಲೂ ವೋಲ್ಟೇಜ್ ಇದ್ದರೆ ತೇವದಲ್ಲಿ ತಾಮ್ರ ಕರಗುತ್ತದೆ. ಈಗ ಹತ್ತು ಸೆಕೆಂಡಿಗೊಮ್ಮೆ ಎರಡು ಮಿಲಿಸೆಕೆಂಡ್ ಮಾತ್ರ ಕರೆಂಟ್ ಕೊಟ್ಟು ನೋಡುತ್ತೇನೆ. ತಾಮ್ರದ ಬದಲು ಎರಡು ಸ್ಟೀಲ್ ತಂತಿ. ಎರಡನೇ ವರ್ಷವೂ ಓಡುತ್ತಿದೆ. ಇದನ್ನು ಹೇಳಿದ್ದು ಯಾಕೆಂದರೆ, ನಿಮ್ಮದೂ ತೇವದ ಕಾಟವೇ ಅಂತ ನನ್ನ ಮನಸ್ಸು ಹೇಳುತ್ತಿದೆ.

ಕಾಫಿಕಣ | ಸೆಪ್ಟೆಂಬರ್ 22, ಬೆಳಿಗ್ಗೆ 9:30

ಮೊದಲ ರಾತ್ರಿ, ಕವರ್ ಕಟ್ಟಿ: 12 ಸೆಂಟ್.
ಎರಡನೇ ರಾತ್ರಿ, ಬಟ್ಟಲು ಮನೆಯಲ್ಲಿ ನನ್ನ ಮೇಜಿನ ಮೇಲೆ: 17 ಸೆಂಟ್!

ಬಟ್ಟಲೇ ಇಲ್ಲದೆ ಹದಿನೇಳು ಸೆಂಟ್. ಮಂಗಗಳು ನಿರಪರಾಧಿಗಳು.

ಸೋಲ್ಡರ್_ಹೊಗೆ | ಸೆಪ್ಟೆಂಬರ್ 22, ಬೆಳಿಗ್ಗೆ 9:52

1 ಮೆಗಾಓಮ್! ಮೊದಲ ಪೋಸ್ಟ್‌ನಲ್ಲೇ ಬರೆದಿದ್ದೀರಿ, ನಾನು ಓದಿ ಮುಂದೆ ಹೋದೆ. ಸೋಲ್ಡರ್ ಮಾಡಿದ ಮೇಲೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಹಾಕುವ ಅಂಟು) ತೊಳೆದಿದ್ದೀರಾ?

ಕಾಫಿಕಣ | ಸೆಪ್ಟೆಂಬರ್ 22, ಬೆಳಿಗ್ಗೆ 9:55

ಇಲ್ಲ...

ನಿವೃತ್ತ_ಮೇಷ್ಟ್ರು | ಸೆಪ್ಟೆಂಬರ್ 22, ಬೆಳಿಗ್ಗೆ 11:10

ಹಾಗಾದರೆ ಕಳ್ಳ ಸಿಕ್ಕ. ಪಿನ್ನನ್ನು ಮೇಲೆ ಎತ್ತಿ ಹಿಡಿದಿರುವುದು ಆ 1 ಮೆಗಾಓಮ್ ಒಂದೇ. ಬೆಳಗಿನ ಜಾವ ಪೆಟ್ಟಿಗೆ ತಣ್ಣಗಾಗಿ ಬೋರ್ಡ್ ಮೇಲೆ ತೇವ ಕೂರುತ್ತದೆ. ಫ್ಲಕ್ಸ್ ಕೊಳೆ ಆ ತೇವವನ್ನು ಹೀರಿ, ಪಿನ್ನಿಗೂ ಗ್ರೌಂಡಿಗೂ ನಡುವೆ ಸಣ್ಣ ದಾರಿ ಮಾಡುತ್ತದೆ. ಆ ದಾರಿಯ ತಡೆ 400 ಕಿಲೋಓಮ್‌ಗೆ ಇಳಿಯಿತು ಅಂತ ಇಟ್ಟುಕೊಳ್ಳಿ. ಪಿನ್ನಿನ ಮೇಲೆ 3.3 ವೋಲ್ಟ್ ಬದಲು 0.94 ಮಾತ್ರ ಉಳಿಯುತ್ತದೆ. ಚಿಪ್ ಅದನ್ನು "ಸ್ವಿಚ್ ಕೂಡಿದೆ" ಅಂತ ಓದುತ್ತದೆ. ಬಿಸಿಲು ಬಂದರೆ ಒಣಗುತ್ತದೆ, ಏಳು ಗಂಟೆಗೆ ಮಳೆಯೂ ನಿಲ್ಲುತ್ತದೆ. ನಿಮ್ಮ ಸಮಯದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ ನೋಡಿ.

ಸೋಲ್ಡರ್_ಹೊಗೆ | ಸೆಪ್ಟೆಂಬರ್ 22, ಬೆಳಿಗ್ಗೆ 11:25

ಮಾಡಬೇಕಾದ್ದು: 1 ಮೆಗಾಓಮ್ ತೆಗೆದು 100 ಕಿಲೋಓಮ್ ಹಾಕಿ. ಸ್ವಿಚ್ ಕೂಡಿದಾಗ 33 ಮೈಕ್ರೋಆಂಪ್ ಹೋಗುತ್ತೆ, ಅದೂ ಅರೆಕ್ಷಣ. ಬ್ಯಾಟರಿಗೆ ಲೆಕ್ಕವೇ ಅಲ್ಲ. ಹಳೆಯ ಟೂತ್‌ಬ್ರಶ್ ಮತ್ತು ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬೋರ್ಡ್ ಉಜ್ಜಿ. ಹೇರ್ ಡ್ರೈಯರ್‌ನಲ್ಲಿ ಒಣಗಿಸಿ. ಮೇಲೆ ಎರಡು ಸಲ ಬಣ್ಣವಿಲ್ಲದ ನೇಲ್ ಪಾಲಿಶ್. ಆಂಟೆನಾ ಕನೆಕ್ಟರ್‌ಗೆ ಮಾತ್ರ ಬಳಿಯಬೇಡಿ.

ಕೊಡಗಿನ_ಕರಿಮೆಣಸು | ಸೆಪ್ಟೆಂಬರ್ 22, ಮಧ್ಯಾಹ್ನ 1:00

ಪೆಟ್ಟಿಗೆಯ ಬಗ್ಗೆ ಒಂದು ಮಾತು. ಪೂರ್ತಿ ಮುಚ್ಚಿ ಸಿಲಿಕೋನ್ ಬಳಿದರೆ ಒಣಗಿರುತ್ತೆ ಅಂದುಕೊಳ್ಳುತ್ತೇವೆ. ಆಗಲ್ಲ. ಹಗಲು ಬಿಸಿಗೆ ಗಾಳಿ ಹೊರಗೆ, ರಾತ್ರಿ ತಣ್ಣಗಾದಾಗ ಎಲ್ಲಿಂದಾದರೂ ತೇವದ ಗಾಳಿ ಒಳಗೆ. ಒಳಗೆ ಬಂದ ನೀರು ಹೊರಗೆ ಹೋಗಲ್ಲ. ತಳದಲ್ಲಿ ಒಂದು ಸಣ್ಣ ತೂತು ಕೊಡಿ, ಇರುವೆ ಹೋಗದ ಹಾಗೆ ಜಾಲರಿ ಅಂಟಿಸಿ. ಕೇಬಲ್ ಕೂಡ ಪೆಟ್ಟಿಗೆಗಿಂತ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಬರಲಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ಎಲೆಕ್ಕೆ_ಬಣ್ಣ | ಸೆಪ್ಟೆಂಬರ್ 22, ಸಂಜೆ 6:40

ಲೋರಾ ಬಗ್ಗೆ ಸ್ವಲ್ಪ ಹೇಳ್ತೀರಾ? ನಮ್ಮ ತೋಟಕ್ಕೂ ಬೇಕು. ಲೈಸೆನ್ಸ್ ಬೇಕಾ? ಸೋಲಾರ್ ಎಷ್ಟು ದೊಡ್ಡದು ಹಾಕಿದ್ದೀರಿ?

ಕಾಫಿಕಣ | ಸೆಪ್ಟೆಂಬರ್ 22, ರಾತ್ರಿ 9:15

ಸೋಲಾರ್ ಹಾಕೇ ಇಲ್ಲ! ಜುಲೈನಲ್ಲಿ ನಮ್ಮಲ್ಲಿ ಸೂರ್ಯ ಎಲ್ಲಿ? ಕಳಿಸುವಾಗ ರೇಡಿಯೋ 120 ಮಿಲಿಆಂಪ್ ಎಳೆಯುತ್ತೆ, ಆದರೆ ಸೆಕೆಂಡಿನ ಐದನೇ ಒಂದು ಪಾಲು ಹೊತ್ತು. ಹದಿನೈದು ನಿಮಿಷಕ್ಕೆ ಹಂಚಿದರೆ ಎಲ್ಲ ಸೇರಿ 40 ಮೈಕ್ರೋಆಂಪ್‌ಗಿಂತ ಕಡಿಮೆ. 2,500 ಮಿಲಿಆಂಪ್-ಅವರ್ ಸೆಲ್‌ಗೆ ಕಾಗದದ ಮೇಲೆ ಏಳು ವರ್ಷ. ಸೆಲ್ ತಾನಾಗೇ ಇಳಿಯುವುದನ್ನೆಲ್ಲ ಕಳೆದರೂ ಎರಡು ಮಳೆಗಾಲ ಯೋಚನೆ ಇಲ್ಲ.

ಲೈಸೆನ್ಸ್ ಬೇಡ, ಆದರೆ ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಒಳಗೇ ಇರಬೇಕು. ಕೊಳ್ಳುವಾಗ ನೋಡಿ, 433ರ ಮಾಡ್ಯೂಲ್ ಕೂಡ ಅದೇ ಆಕಾರ. ನಾನು ಒಮ್ಮೆ ತಪ್ಪಾಗಿ ತಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಆಂಟೆನಾ ಅಂದರೆ 8.2 ಸೆಂ.ಮೀ. ನೆಟ್ಟಗಿನ ತಂತಿ, ಅಷ್ಟೇ. ಅದಿಲ್ಲದೆ ಮಾತ್ರ ಆನ್ ಮಾಡಬೇಡಿ, ರೇಡಿಯೋ ಸುಟ್ಟುಹೋಗಬಹುದು. ದಿಣ್ಣೆ ಮೇಲಿಂದ ಕಾಫಿ ಗಿಡ, ಮರ ಎಲ್ಲ ದಾಟಿ ಆರುನೂರು ಮೀಟರ್ ಆರಾಮಾಗಿ ಬರುತ್ತಿದೆ.

ಇನ್ನೊಂದು: "ಈ ಹದಿನೈದು ನಿಮಿಷದಲ್ಲಿ ಇಷ್ಟು" ಅಂತ ಕಳಿಸಬೇಡಿ. "ಇಲ್ಲಿಯವರೆಗೆ ಒಟ್ಟು ಇಷ್ಟು" ಅಂತ ಕಳಿಸಿ. ಗುಡುಗಿನ ಮಧ್ಯೆ ನಾಲ್ಕು ಸಲ ಸಂದೇಶ ತಪ್ಪಿದರೂ ಐದನೆಯದು ಬಂದಾಗ ಲೆಕ್ಕ ಸರಿಯಾಗುತ್ತೆ.

ಕಾಫಿಕಣ | ಸೆಪ್ಟೆಂಬರ್ 27, ಬೆಳಿಗ್ಗೆ 8:45

ಬೋರ್ಡ್ ತೊಳೆದು, 100 ಕಿಲೋಓಮ್ ಹಾಕಿ, ನೇಲ್ ಪಾಲಿಶ್ ಬಳಿದು ನಾಲ್ಕು ರಾತ್ರಿ ಆಯ್ತು. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಬಣ್ಣವಿಲ್ಲದ್ದು ಸಿಗಲಿಲ್ಲ. ತಂಗಿಯ ಗುಲಾಬಿ ಬಣ್ಣದ್ದೇ ಬಳಿದಿದ್ದೇನೆ. ಬೋರ್ಡ್ ಮದುವೆಗೆ ಹೊರಟ ಹಾಗಿದೆ.

ಕಾಫಿಕಣ | ಅಕ್ಟೋಬರ್ 8, ರಾತ್ರಿ 9:00

ಹೊಸ ತಲೆನೋವು. ಹಿಂಗಾರು ಮಳೆ ಜೋರಾಗಿ ಬಂತು. ಅಪ್ಪನ ಜಾಡಿಯಲ್ಲಿ 1 ಇಂಚು 62 ಸೆಂಟ್, ನನ್ನದರಲ್ಲಿ 1 ಇಂಚು 49. ತುಂತುರು ಮಳೆಯ ದಿನ ಎರಡೂ ಹತ್ತಿರ ಹತ್ತಿರ ಇರುತ್ತೆ. ಜೋರು ಮಳೆಗೇ ಕಡಿಮೆ. ಯಾಕೆ?

ನಿವೃತ್ತ_ಮೇಷ್ಟ್ರು | ಅಕ್ಟೋಬರ್ 9, ಬೆಳಿಗ್ಗೆ 10:20

ಬಟ್ಟಲು ಮಗುಚಲು ಅರ್ಧ ಸೆಕೆಂಡ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಮೇಲಿನಿಂದ ನೀರು ನಿಲ್ಲುವುದಿಲ್ಲವಲ್ಲ. ಗಂಟೆಗೆ ನಾಲ್ಕು ಇಂಚಿನ ಮಳೆಗೆ ನಿಮ್ಮ ಕೊಳವೆಯಿಂದ ಸೆಕೆಂಡಿಗೆ ಅರ್ಧ ಮಿ.ಲೀ. ಇಳಿಯುತ್ತದೆ. ಅದರಲ್ಲಿ ಒಂದಿಷ್ಟು ಆಗಲೇ ತುಂಬಿದ ಬಟ್ಟಲಿಗೇ ಬಿದ್ದು ಲೆಕ್ಕವಿಲ್ಲದೆ ಚೆಲ್ಲಿಹೋಗುತ್ತದೆ. ಪ್ರತಿ ಸೆಂಟ್‌ಗೂ ಮೂರರಿಂದ ಐದು ಪರ್ಸೆಂಟ್ ನಷ್ಟ. ಈ ಜಾತಿಯ ಗೇಜುಗಳ ಹುಟ್ಟುಗುಣ ಅದು.

ಆದರೆ ನಿಮ್ಮದು ಎಂಟು ಪರ್ಸೆಂಟ್ ಕಡಿಮೆ. ಉಳಿದದ್ದು ಅಳತೆ ಹೊಂದಿಸಿದ್ದರಲ್ಲಿ ಇದೆ. ಹೇಗೆ ಹೊಂದಿಸಿದಿರಿ?

ಕಾಫಿಕಣ | ಅಕ್ಟೋಬರ್ 9, ಬೆಳಿಗ್ಗೆ 10:41

ಚೊಂಬಿನಿಂದ ನಿಧಾನಕ್ಕೆ ಸುರಿದೆ...

ನಿವೃತ್ತ_ಮೇಷ್ಟ್ರು | ಅಕ್ಟೋಬರ್ 9, ಬೆಳಿಗ್ಗೆ 10:44

ಚೊಂಬು!

ಕೊಡಗಿನ_ಕರಿಮೆಣಸು | ಅಕ್ಟೋಬರ್ 9, ಬೆಳಿಗ್ಗೆ 11:30

ಮೆಡಿಕಲ್ ಶಾಪ್‌ಗೆ ಹೋಗಿ ಒಂದು ಗ್ಲೂಕೋಸ್ ಡ್ರಿಪ್ ಸೆಟ್ ತನ್ನಿ. ಖಾಲಿ ಬಾಟಲಿಗೆ 461 ಮಿ.ಲೀ. ನೀರು ಅಳೆದು ಹಾಕಿ, ಮೇಲೆ ತೂಗುಹಾಕಿ, ಆ ಚಕ್ರ ತಿರುಗಿಸಿ ಒಂದು ಗಂಟೆಯಲ್ಲಿ ಖಾಲಿಯಾಗುವ ಹಾಗೆ ಬಿಡಿ. ಸೆಕೆಂಡಿಗೆ ಸುಮಾರು ಎರಡೂವರೆ ಹನಿ. ಸರಿಯಾಗಿ ನೂರು ಮಗುಚು ಬರಬೇಕು. ನಾನು ಹೀಗೇ ಮಾಡಿದ್ದು. ನಮ್ಮ ಮನೆಗೆ ಬಂದ ನೆಂಟರು ಪೈಪಿಗೆ ಡ್ರಿಪ್ ಹಾಕಿದ್ದು ನೋಡಿ ಗಾಬರಿಯಾಗಿದ್ದರು.

ಹೊಂದಿಸುವಾಗ ನೆನಪಿಡಿ: ಬಟ್ಟಲು ಮಗುಚಿ ಬಂದು ಕೂರುವ ಎಡಗಡೆ ತಡೆ ಬೋಲ್ಟ್ ತಿರುಗಿಸಿದರೆ ಬದಲಾಗುವುದು ಬಲಗಡೆ ಬಟ್ಟಲಿನ ಅಳತೆ. ಖಾಲಿ ಬದಿ ಎಷ್ಟು ಕೆಳಗೆ ಕೂತಿದೆ ಅನ್ನುವುದರ ಮೇಲೆ ಎದುರು ಬದಿ ಎಷ್ಟು ತುಂಬಬೇಕು ಅಂತ ತೀರ್ಮಾನ ಆಗುತ್ತೆ. ಬೋಲ್ಟ್ ಮೇಲೆತ್ತಿದರೆ ಬೇಗ ಮಗುಚುತ್ತೆ. ನಾನು ಒಂದು ಇಡೀ ಭಾನುವಾರ ಇದನ್ನು ತಿರುಗುಮುರುಗಾಗಿ ಮಾಡಿದ್ದೆ.

ಅಡಿಕೆ_ಅಂಗಳ | ಅಕ್ಟೋಬರ್ 9, ರಾತ್ರಿ 8:10

ಬಟ್ಟಲಿನ ಒಳಗೆ ನುಣುಪಾದ ಪಿವಿಸಿ ಅಲ್ವಾ? ನೀರು ಪೂರ್ತಿ ಚೆಲ್ಲದೆ ಹನಿ ಅಂಟಿಕೊಂಡೇ ಉಳಿದರೆ ಮುಂದಿನ ಸಲದ ಲೆಕ್ಕ ಕೆಡುತ್ತದೆ. ಒಳಗೆ ಸಣ್ಣ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಸೋಪು ನೀರಲ್ಲಿ ತೊಳೆದು ನೋಡಿ ಮಾರಾಯ್ರೆ.

ಕಾಫಿಕಣ | ಅಕ್ಟೋಬರ್ 13, ಸಂಜೆ 5:30

ಡ್ರಿಪ್ ಸೆಟ್ ಬಂತು. ಮೊದಲ ಸಲ 94 ಮಗುಚು. ಒಂದು ಬಟ್ಟಲು 4.6, ಇನ್ನೊಂದು 5.2 ಮಿ.ಲೀ. ಹಿಡಿಯುತ್ತಿತ್ತು, ಕುಂಟು ಎತ್ತಿನ ಗಾಡಿ ಹಾಗೆ. ಬೋಲ್ಟ್ ಮೇಲೆತ್ತಿ, ಉಜ್ಜಿ, ಮತ್ತೆ ನೋಡಿ, ಆರನೇ ಸಲಕ್ಕೆ 100. ಏಳನೇ ಸಲಕ್ಕೂ 100. ಎಂಟನೇ ಸಲಕ್ಕೆ 101, ಅಲ್ಲಿಗೆ ಕೈಬಿಟ್ಟೆ.

ಜೋರು ಮಳೆಯ ನಷ್ಟಕ್ಕೆ ಸಾಫ್ಟ್‌ವೇರ್‌ನಲ್ಲಿ ಒಂದು ತಿದ್ದುಪಡಿ ಹಾಕಿದೆ. ಎರಡು ಮಗುಚಿನ ನಡುವಿನ ಹೊತ್ತು ಕಡಿಮೆ ಆದಷ್ಟೂ ಸ್ವಲ್ಪ ಜಾಸ್ತಿ ಸೇರಿಸುತ್ತದೆ. ಇದನ್ನು ಅಪ್ಪನಿಗೆ ಹೇಳಿಲ್ಲ. "ಮಿಷನ್ ತಾನೇ ಸೇರಿಸಿಕೊಳ್ಳುತ್ತಾ?" ಅಂತ ಶುರು ಮಾಡಿದರೆ ಮುಗಿಯಲ್ಲ.

ಎಲೆಕ್ಕೆ_ಬಣ್ಣ | ಮಾರ್ಚ್ 12, ಬೆಳಿಗ್ಗೆ 7:00

ಕಾಫಿಕಣ, ಇದ್ದೀರಾ? ರಾತ್ರಿ ನಿಮ್ಮ ಕಡೆ ಗುಡುಗು ಕೇಳಿಸಿತು. ಗೇಜ್ ಏನನ್ನುತ್ತೆ?

ಕಾಫಿಕಣ | ಮಾರ್ಚ್ 12, ಬೆಳಿಗ್ಗೆ 9:20

ಇದ್ದೇನೆ. ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ಅಪ್ಪ, ಅಮ್ಮ, ನಾನು ಮೂವರೂ ಅಡುಗೆಮನೆ ಬಾಗಿಲಲ್ಲಿ ಪರದೆ ನೋಡುತ್ತಾ ನಿಂತಿದ್ದೆವು. 20. 35. 51. ಕರೆಂಟ್ ಹೋಯಿತು. ಮನೆಯ ಪರದೆಗೆ ಬ್ಯಾಟರಿ ಹಾಕಿರಲಿಲ್ಲ, ಬುದ್ಧಿವಂತ ನಾನು. ಪವರ್ ಬ್ಯಾಂಕ್ ಹುಡುಕಿ ಸಿಕ್ಕಿಸಿದರೆ ಮುಂದಿನ ಸಂದೇಶಕ್ಕೆ 78 ಬಂತು. ಒಟ್ಟು ಲೆಕ್ಕ ಕಳಿಸುವ ಉಪಾಯ ಅಲ್ಲಿ ಕೈಹಿಡಿಯಿತು. ಒಂದು ಗಂಟೆಗೆ ಮಳೆ ನಿಂತಾಗ 82.

ಅಪ್ಪ ಪರದೆ ನೋಡಿದರು, ನನ್ನನ್ನು ನೋಡಿದರು, ಟಾರ್ಚ್ ಕೈಗೆ ಕೊಟ್ಟರು. "ಹೋಗಿ ಜಾಡಿ ನೋಡ್ಕೊಂಡು ಬಾ" ಅಂದರು. ಯಾರೂ ನಡೆಯಬಾರದು ಅಂತ ಮಾಡಿದ ಗೇಜಿಗೆ ರಾತ್ರಿ ಒಂದೂವರೆಗೆ ನಾನು ದಿಣ್ಣೆ ಹತ್ತಿದೆ. ಜಾಡಿಯಲ್ಲಿ 84.

ಪುಸ್ತಕದಲ್ಲಿ 84 ಅಂತಲೇ ಬರೆದರು. ಆದರೆ ಪಕ್ಕದಲ್ಲಿ ಸಣ್ಣದಾಗಿ, ಪೆನ್ಸಿಲ್‌ನಲ್ಲಿ, "ಮಿ. 82" ಅಂತ ಇದೆ.

ಇಂಚಿಗೆ ಹದಿನಾರು ಸೆಂಟ್ ಕಡಿಮೆ ಬಿದ್ದಿದೆ. ಸ್ಪ್ರಿಂಕ್ಲರ್ ಪೈಪ್ ಎಳೆಯಲು ಜನ ಬಂದಿದ್ದಾರೆ. ಸಂಜೆ ಬರುತ್ತೇನೆ.